ಅಡಗಿತು, ಅಳಿಯಲಿಲ್ಲ

ನಮ್ಮ ಭೌತಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಪದೇ ಪದೇ ಎದುರಾಗುವ ಮಾತೊಂದಿದೆ: 'ಘರ್ಷಣೆಯನ್ನು ಕಡೆಗಣಿಸಿರಿ.' ಇಳಿಜಾರಿನಲ್ಲಿ ಜಾರುವ ಮರದ ತುಂಡಾಗಲಿ, ರಾಟೆಯ ಮೇಲೆ ಹಾಯುವ ಹಗ್ಗವಾಗಲಿ, ಸ್ಪ್ರಿಂಗಿಗೆ ತೂಗುಹಾಕಿದ ತೂಕದ ಕಲ್ಲಾಗಲಿ, ಯಾವ ಲೆಕ್ಕವನ್ನು ಕೊಟ್ಟರೂ ಕೊನೆಗೆ ಈ ಮಾತು ಬಂದು ಸೇರುತ್ತದೆ. ವಿದ್ಯಾರ್ಥಿಗಳು ಅದನ್ನು ಶಿರಸಾವಹಿಸಿ ಪಾಲಿಸುತ್ತಾರೆ. ಲೆಕ್ಕ ಸುಲಭವಾಗುತ್ತದೆ, ಅಂಕವೂ ದೊರೆಯುತ್ತದೆ. ಆ ಮಾತಿನ ಮೇಲೆ ನನಗೆ ಹಗೆಯೇನೂ ಇಲ್ಲ. ಆದರೆ ಸ್ಪ್ರಿಂಗಿನ ಪಾಠದಲ್ಲಿ ಅದರಿಂದ ಆಗುತ್ತಿರುವ ನಷ್ಟವನ್ನು ಕುರಿತು ಅಧ್ಯಾಪಕ ಮಿತ್ರರಲ್ಲಿಯೂ ಸಹೃದಯ ವಾಚಕರಲ್ಲಿಯೂ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆನಿಸಿದೆ. ಸಾಹಿತ್ಯದ ಪುಟದಲ್ಲಿ ಸ್ಪ್ರಿಂಗಿಗೇನು ಕೆಲಸ ಎಂದು ಕೇಳುವವರೂ ಇರಬಹುದು. ಈ ವಿಚಾರ ಕಟ್ಟಕಡೆಗೆ ಕನ್ನಡದ ಒಂದು ಹಳೆಯ ಕ್ರಿಯಾಪದಕ್ಕೆ ಬಂದು ಮುಟ್ಟುವುದರಿಂದ ಅವರು ಸ್ವಲ್ಪ ತಾಳ್ಮೆ ತೋರಿಯಾರೆಂದು ನಂಬಿದ್ದೇನೆ.

ಪುಸ್ತಕ ಕೊಡುವ ಚಿತ್ರ ಇಂಥದು. ಅಲುಗದ ಒಂದು ಆಧಾರದಿಂದ ಸುರುಳಿ ಸ್ಪ್ರಿಂಗೊಂದು ಇಳಿಬಿದ್ದಿದೆ. ಅದರ ತುದಿಯಲ್ಲಿ 200 ಗ್ರಾಂ ತೂಕದ ಕಲ್ಲು. ಸ್ಪ್ರಿಂಗನ್ನು ಒಂದು ಸೆಂಟಿಮೀಟರು ಎಳೆಯಲು 0.2 ನ್ಯೂಟನ್ ಬಲ ಬೇಕೆಂದು ಇಟ್ಟುಕೊಳ್ಳೋಣ. ಕಲ್ಲು ತೂಗಿ ನಿಂತಿರುವ ಸ್ಥಾನದಿಂದ ಅದನ್ನು 5 ಸೆಂಟಿಮೀಟರು ಕೆಳಕ್ಕೆ ಎಳೆದು ಬಿಟ್ಟರೆ ಅದು ಮೇಲಕ್ಕೂ ಕೆಳಕ್ಕೂ ಆಡತೊಡಗುತ್ತದೆ. ಒಂದು ಪೂರ್ಣ ಆಂದೋಲನಕ್ಕೆ ಹಿಡಿಯುವ ಕಾಲ ಸುಮಾರು 0.63 ಸೆಕೆಂಡು. ಎರಡು ತುದಿಗಳಲ್ಲಿ ಕಲ್ಲು ಕ್ಷಣಮಾತ್ರ ನಿಲ್ಲುತ್ತದೆ. ಅಲ್ಲಿ ಆಂದೋಲನದ ಶಕ್ತಿಯೆಲ್ಲವೂ ಪ್ರಚ್ಛನ್ನ ಶಕ್ತಿ. ನಡುವೆ ಹಾಯುವಾಗ ಅದರ ವೇಗ ಸೆಕೆಂಡಿಗೆ ಅರ್ಧ ಮೀಟರು. ಅಲ್ಲಿ ಎಲ್ಲವೂ ಚಲನಶಕ್ತಿ. ನಡುವಿನಿಂದ ತುದಿಗೆ ಅರ್ಧ ದಾರಿ ಹೋದಾಗ ಒಂದು ಪಾಲು ಪ್ರಚ್ಛನ್ನವಾಗಿಯೂ ಮೂರು ಪಾಲು ಚಲನೆಯಾಗಿಯೂ ಇರುತ್ತದೆ. ಪಾಲು ಹೇಗೆ ಬದಲಾದರೂ ಒಟ್ಟು ಮೊತ್ತ 0.025 ಜೂಲ್. ಎಡಗೈಯ ನಾಣ್ಯ ಬಲಗೈಗೆ, ಬಲಗೈಯದು ಎಡಗೈಗೆ. ಒಂದು ಕಾಸೂ ಖರ್ಚಿಲ್ಲ. ಪುಸ್ತಕದ ಸ್ಪ್ರಿಂಗು ಹೀಗೆಯೇ ಎಂದೆಂದಿಗೂ ಆಡುತ್ತಿರುತ್ತದೆ.

ಮೇಜಿನ ಮೇಲಿನ ಸ್ಪ್ರಿಂಗು ಹಾಗೆ ಆಡುವುದಿಲ್ಲ. ಅಧ್ಯಾಪಕರು ಕರಿಹಲಗೆಯ ಮೇಲೆ ಸಮೀಕರಣ ಬರೆದು ಮುಗಿಸುವುದರೊಳಗೆ ಕಲ್ಲು ನಿಲ್ಲುವ ಹವಣಿಕೆಯಲ್ಲಿರುತ್ತದೆ. ಮುಂದಿನ ಬೆಂಚಿನ ಹುಡುಗರು ಅದನ್ನು ಕಾಣದೆ ಇರುತ್ತಾರೆಯೇ? ಕಾಣುತ್ತಾರೆ, ಆದರೆ ಕೇಳುವುದಿಲ್ಲ. ಪುಸ್ತಕದಲ್ಲಿರುವುದು ಒಂದು ಲೋಕ, ಕಣ್ಣಿಗೆ ಕಾಣುವುದು ಇನ್ನೊಂದು ಲೋಕ, ಪರೀಕ್ಷೆಗೆ ಬೇಕಾದದ್ದು ಮೊದಲನೆಯದು ಎಂಬ ತೀರ್ಮಾನ ಅವರ ಮನಸ್ಸಿನಲ್ಲಿ ಸದ್ದಿಲ್ಲದೆ ಬೇರೂರುತ್ತದೆ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ನಿಜವಾಗಿ ಬಂದ ಅಂಕಿಯನ್ನು ಅಳಿಸಿ, ಬರಬೇಕಾದ ಅಂಕಿಯನ್ನು ಬರೆಯುವ ದುರಭ್ಯಾಸಕ್ಕೂ ಇದೇ ಮೂಲವೆಂದು ನನ್ನ ಭಾವನೆ. ಕಣ್ಣನ್ನು ನಂಬಬಾರದೆಂದು ಮೊದಲು ಕಲಿಸಿದವರು ನಾವೇ.

ಘರ್ಷಣೆಯನ್ನು ಕಡೆಗಣಿಸಿದರೆ ಉತ್ತರದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಬರಬಹುದು, ಅಷ್ಟೇ ತಾನೆ ಎನ್ನುವವರಿಗೆ ನಾನೊಂದು ಒಗಟನ್ನು ಒಡ್ಡುತ್ತೇನೆ. ಸ್ಪ್ರಿಂಗು ಎಳೆತಕ್ಕೆ ಸಿಕ್ಕದೆ ತನ್ನ ಸಹಜ ಉದ್ದದಲ್ಲಿರುವಾಗ ಅದೇ 200 ಗ್ರಾಂ ಕಲ್ಲನ್ನು ಅದಕ್ಕೆ ಸಿಕ್ಕಿಸಿ ಕೈಬಿಡಿರಿ. ಕಲ್ಲು ಬೀಳುತ್ತದೆ, ಕೆಲಕಾಲ ಆಡುತ್ತದೆ, ಕೊನೆಗೆ ಮೊದಲಿಗಿಂತ 9.8 ಸೆಂಟಿಮೀಟರು ಕೆಳಗೆ ನಿಲ್ಲುತ್ತದೆ. ಇಷ್ಟು ಇಳಿದುದರಿಂದ ಭೂಮಿಯ ಆಕರ್ಷಣೆಯ ಲೆಕ್ಕದಲ್ಲಿ ಖರ್ಚಾದ ಶಕ್ತಿ ಸುಮಾರು 0.192 ಜೂಲ್. ಎಳೆಯಲ್ಪಟ್ಟ ಸ್ಪ್ರಿಂಗಿನಲ್ಲಿ ಜಮೆಯಾದದ್ದು 0.096 ಜೂಲ್. ಸರಿಯಾಗಿ ಅರ್ಧ! ಉಳಿದರ್ಧ ಎಲ್ಲಿ ಹೋಯಿತು?

ಘರ್ಷಣೆಯೇ ಇಲ್ಲದ ಲೋಕದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಏಕೆಂದರೆ ಅಲ್ಲಿ ಕಲ್ಲು ನಿಲ್ಲುವುದೇ ಇಲ್ಲ. ಅದು 19.6 ಸೆಂಟಿಮೀಟರು ಇಳಿದು, ಮತ್ತೆ ಹೊರಟಲ್ಲಿಗೇ ಏರಿ, ಮತ್ತೆ ಇಳಿದು, ಯುಗಯುಗಾಂತರಕ್ಕೂ ಆಡುತ್ತಿರುತ್ತದೆ. ನಮ್ಮ ಲೋಕದಲ್ಲಿ ಆ ಅರ್ಧವನ್ನು ಪಡೆದುಕೊಂಡದ್ದು ಗಾಳಿಯ ತಡೆ, ಲೋಹದ ಒಳಗಿನ ಉಜ್ಜಾಟ, ಆಧಾರದ ನಡುಕ ಇವುಗಳೇ. ಕಲ್ಲು ಬೇಗ ನಿಂತರೂ ಅಷ್ಟೇ, ತಡವಾಗಿ ನಿಂತರೂ ಅಷ್ಟೇ. ಅವುಗಳ ಪಾಲು ಅರ್ಧಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಕೈಬಿಡುವ ಬದಲು ಅಂಗೈಯಲ್ಲಿಟ್ಟು ಮೆಲ್ಲಗೆ ಇಳಿಸಿದರೆ ಆ ಅರ್ಧವನ್ನು ನಮ್ಮ ಕೈಯೇ ತೆಗೆದುಕೊಳ್ಳುತ್ತದೆ. ಅಲ್ಪಸ್ವಲ್ಪವೆಂದು ಕಡೆಗಣಿಸಲು ಹೊರಟದ್ದು ಒಟ್ಟು ವ್ಯವಹಾರದ ಅರ್ಧವೆಂದು ತಿಳಿದಾಗ ವಿದ್ಯಾರ್ಥಿಗೆ ಆಗುವ ಆಶ್ಚರ್ಯವನ್ನು ನಾವೇಕೆ ಅವನಿಗೆ ತಪ್ಪಿಸಬೇಕು?

ಇನ್ನೂ ಒಂದು ಮಾತಿದೆ. ಸ್ಪ್ರಿಂಗಿನ ನಿಯಮವನ್ನು ಕಂಡುಹಿಡಿದವನು ಇಂಗ್ಲೆಂಡಿನ ರಾಬರ್ಟ್ ಹುಕ್. 1676ರಲ್ಲಿ ಅದನ್ನು ಅಕ್ಷರಗಳನ್ನು ಅದಲುಬದಲು ಮಾಡಿದ ಒಂದು ಒಗಟಿನ ರೂಪದಲ್ಲಿ ಪ್ರಕಟಿಸಿ, 1678ರಲ್ಲಿ ಬಿಡಿಸಿ ಹೇಳಿದನು. ಎಳೆತವು ಬಲಕ್ಕೆ ಅನುಪಾತದಲ್ಲಿರುತ್ತದೆ ಎಂಬುದೇ ಅದರ ಸಾರ. ತೂಕಗಳನ್ನು ಒಂದೊಂದಾಗಿ ಏರಿಸಿ, ಸ್ಪ್ರಿಂಗು ಎಷ್ಟೆಷ್ಟು ಇಳಿಯಿತೆಂದು ಅಳೆದು ಈ ನಿಯಮವನ್ನು ತೋರಿಸಬೇಕು. ಅಳೆಯಬೇಕಾದರೆ ಸ್ಪ್ರಿಂಗು ನಿಲ್ಲಬೇಕು. ನಿಲ್ಲಬೇಕಾದರೆ ಆಟವನ್ನು ಅಡಗಿಸುವ ಘರ್ಷಣೆ ಬೇಕು. ಯಾವುದನ್ನು ಕಡೆಗಣಿಸಿ ನಾವು ಆದರ್ಶ ಸ್ಪ್ರಿಂಗನ್ನು ಕಟ್ಟಿಕೊಂಡೆವೋ ಅದರ ನೆರವಿಲ್ಲದೆ ಆ ಸ್ಪ್ರಿಂಗಿನ ನಿಯಮ ಕೈಗೆ ಸಿಕ್ಕುತ್ತಲೇ ಇರಲಿಲ್ಲ. ಸಂತೆಯಲ್ಲಿ ಸ್ಪ್ರಿಂಗ್ ತಕ್ಕಡಿ ಹಿಡಿದು ತರಕಾರಿ ಮಾರುವವರಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಮುಳ್ಳು ನಿಲ್ಲದೆ ತೂಕವಿಲ್ಲ.

ಶಕ್ತಿ ನಾಶವಾಗುವುದಿಲ್ಲವೆಂಬ ಮಹಾನಿಯಮದ ಚರಿತ್ರೆಯೂ ಇದನ್ನೇ ಸಾರುತ್ತದೆ. ಕೌಂಟ್ ರಂಫರ್ಡ್ 1798ರಲ್ಲಿ ಮ್ಯೂನಿಕ್ಕಿನ ಆಯುಧಾಗಾರದಲ್ಲಿ ಫಿರಂಗಿಯ ನಳಿಗೆ ಕೊರೆಯುವ ಕೆಲಸವನ್ನು ನೋಡುತ್ತ, ಮೊಂಡು ಬೈರಿಗೆಯ ಉಜ್ಜಾಟದ ಕಾವಿನಿಂದಲೇ ಎರಡೂವರೆ ಗಂಟೆಗಳಲ್ಲಿ ನೀರನ್ನು ಕುದಿಸಿ ತೋರಿಸಿದನು. ಜರ್ಮನಿಯ ವೈದ್ಯ ಮೇಯರ್ 1842ರಲ್ಲಿ ಶಾಖಕ್ಕೂ ಕೆಲಸಕ್ಕೂ ಇರುವ ಸಾಟಿಯನ್ನು ಸಾರಿದನು. ಮ್ಯಾಂಚೆಸ್ಟರಿನ ಜೂಲ್ 1840ರ ದಶಕದಲ್ಲಿ ಇಳಿಯುವ ತೂಕಗಳಿಂದ ನೀರಿನೊಳಗೆ ಹುಟ್ಟುಗಳನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ವರ್ಷಗಟ್ಟಲೆ ಅಳೆದನು. 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಇವೆಲ್ಲವನ್ನೂ ಒಂದು ಸೂತ್ರದಲ್ಲಿ ಪೋಣಿಸಿದನು. ಇವರು ಕಾವನ್ನು ಲೆಕ್ಕಕ್ಕೆ ತಂದದ್ದರಿಂದಲೇ ಶಕ್ತಿಯ ಲೆಕ್ಕ ಸರಿಹೋಯಿತು. ಈಗ ನಾವು ಅದೇ ನಿಯಮವನ್ನು ಕಲಿಸಲು ಕುಳಿತು, ಮೊದಲ ಸಾಲಿನಲ್ಲೇ ಘರ್ಷಣೆಯನ್ನು ಹೊರಗೆ ಕಳುಹಿಸುತ್ತೇವೆ!

ಜೂಲನ ಲೆಕ್ಕವನ್ನು ನಮ್ಮ ಸ್ಪ್ರಿಂಗಿಗೆ ಹಚ್ಚಿ ನೋಡಬಹುದು. ಒಂದು ಗ್ರಾಂ ನೀರನ್ನು ಒಂದು ಸೆಲ್ಸಿಯಸ್ ಡಿಗ್ರಿ ಬಿಸಿಮಾಡಲು ಸುಮಾರು 4.2 ಜೂಲ್ ಬೇಕು. ನಮ್ಮ ಕಲ್ಲಿನ ಆಟದಲ್ಲಿದ್ದದ್ದು 0.025 ಜೂಲ್; ಅಷ್ಟೂ ಒಂದು ಗ್ರಾಂ ನೀರಿಗೇ ಸಂದರೂ ಅದರ ಕಾವು ಏರುವುದು ಒಂದು ಡಿಗ್ರಿಯ ಸಾವಿರದಲ್ಲಿ ಆರು ಪಾಲು ಮಾತ್ರ. ನಿಂತ ಸ್ಪ್ರಿಂಗನ್ನು ಮುಟ್ಟಿ ನೋಡಿದರೆ ಬೆರಳಿಗೆ ಏನೂ ತಿಳಿಯದಿರುವುದು ಇದರಿಂದಲೇ. ಶಕ್ತಿ ಕಳೆದುಹೋಯಿತೆಂಬ ಭ್ರಮೆಗೆ ಕಾರಣ ನಮ್ಮ ಬೆರಳಿನ ಜಡತೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಅಡ್ಡಿಗಳನ್ನು ಮನಸ್ಸಿನಲ್ಲಿ ಬದಿಗಿಟ್ಟು ಶುದ್ಧರೂಪವನ್ನು ಕಲ್ಪಿಸಿಕೊಳ್ಳುವುದೇ ವಿಜ್ಞಾನದ ದಾರಿಯಲ್ಲವೆ? ಗೆಲಿಲಿಯೊ ತೋರಿಸಿಕೊಟ್ಟದ್ದು ಅದನ್ನೇ ಅಲ್ಲವೆ? ಒಪ್ಪತಕ್ಕ ಮಾತೇ. ಆದರ್ಶ ಸ್ಪ್ರಿಂಗಿನ ಕಲ್ಪನೆಯಿಲ್ಲದೆ ನಿಜವಾದ ಸ್ಪ್ರಿಂಗನ್ನು ಅಳೆಯುವ ಅಳತೆಗೋಲೇ ಇರುವುದಿಲ್ಲ. ಆದರೆ ಗೆಲಿಲಿಯೊ ಅಡ್ಡಿಗಳನ್ನು ಬದಿಗಿಟ್ಟದ್ದು ಅವನ್ನು ಕಣ್ಣಿಟ್ಟು ನೋಡಿದ ಮೇಲೆ. 1638ರಲ್ಲಿ ಪ್ರಕಟವಾದ ತನ್ನ ಕೊನೆಯ ಮಹಾಗ್ರಂಥದಲ್ಲಿ ಅವನು ಸೀಸದ ಗುಂಡನ್ನೂ ಬೆಂಡಿನ ಗುಂಡನ್ನೂ ಒಂದೇ ಉದ್ದದ ದಾರಗಳಲ್ಲಿ ತೂಗುಬಿಟ್ಟ ಸಂಗತಿಯನ್ನು ವಿವರಿಸುತ್ತಾನೆ. ಬೆಂಡಿನ ತೂಗಾಟ ಬೇಗ ಕಿರಿದಾಗುತ್ತದೆ, ಸೀಸದ್ದು ಬಹಳ ಹೊತ್ತು ಉಳಿಯುತ್ತದೆ. ಆದರೂ ಒಂದೊಂದು ತೂಗಿಗೆ ಹಿಡಿಯುವ ಕಾಲದಲ್ಲಿ ಎರಡೂ ಹೊಂದಿಕೊಂಡೇ ಸಾಗುತ್ತವೆ. ತಡೆ ಆಟದ ಹರವನ್ನು ಕುಗ್ಗಿಸುತ್ತದೆ, ಕಾಲವನ್ನು ಮಾತ್ರ ಹೆಚ್ಚುಕಡಿಮೆ ಮುಟ್ಟುವುದಿಲ್ಲ ಎಂಬ ದೊಡ್ಡ ಸತ್ಯ ಅವನಿಗೆ ದೊರೆತದ್ದು ಆ ಕಿರಿದಾಗುವ ತೂಗಾಟವನ್ನು ಗಮನಿಸಿದ್ದರಿಂದಲೇ. ನೋಡಿ ಬಿಡುವುದಕ್ಕೂ ನೋಡದೆ ಬಿಡುವುದಕ್ಕೂ ಬಹಳ ಅಂತರವಿದೆ.

ಹಾಗಾದರೆ ನೋಡುವುದು ಹೇಗೆ? ಇದಕ್ಕೆ ಹೊಸ ಉಪಕರಣ ಬೇಕಿಲ್ಲ. ನಮ್ಮ ಪ್ರಯೋಗಶಾಲೆಗಳಲ್ಲಿ ಸ್ಪ್ರಿಂಗಿನ ಪ್ರಯೋಗವೆಂದರೆ 20 ಆಂದೋಲನಗಳ ಕಾಲವನ್ನು ಅಳೆದು ಬರೆದುಕೊಳ್ಳುವುದು. ಅದೇ ಹೊತ್ತಿನಲ್ಲಿ ಪಕ್ಕದಲ್ಲೊಂದು ಅಳತೆಪಟ್ಟಿಯನ್ನು ನಿಲ್ಲಿಸಿ, ಆಟದ ಹರವು ಎಷ್ಟಕ್ಕೆ ಇಳಿಯಿತೆಂದೂ ಬರೆದುಕೊಳ್ಳಬಹುದಲ್ಲವೆ? 20 ಆಂದೋಲನಗಳಲ್ಲಿ 5 ಸೆಂಟಿಮೀಟರು 4ಕ್ಕೆ ಇಳಿಯಿತೆನ್ನಿ. ಮುಂದಿನ 20ರಲ್ಲಿ ಅದು 3ಕ್ಕೆ ಇಳಿಯುವುದೆಂದು ವಿದ್ಯಾರ್ಥಿ ನಿರೀಕ್ಷಿಸುತ್ತಾನೆ. ತಡೆಯು ವೇಗಕ್ಕೆ ಅನುಪಾತದಲ್ಲಿದ್ದರೆ ಅದು 3.2ಕ್ಕೆ ಇಳಿಯುತ್ತದೆ, ಆ ಮೇಲೆ 2.56ಕ್ಕೆ, ಆ ಮೇಲೆ 2.05ಕ್ಕೆ. ಪ್ರತಿ ಸಲವೂ ಇದ್ದುದರಲ್ಲಿ ಐದನೆಯ ಒಂದು ಪಾಲು ಹೋಗುತ್ತದೆ. ಚಕ್ರಬಡ್ಡಿಯ ಲೆಕ್ಕವನ್ನು ತಿರುವುಮುರುವು ಮಾಡಿದಂತೆ. ಶಕ್ತಿಯಾದರೋ ಹರವಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಇನ್ನೂ ಬೇಗ ಕರಗುತ್ತದೆ: ಹರವು ಅರ್ಧವಾಗುವಾಗ ಶಕ್ತಿ ಕಾಲುಭಾಗ ಮಾತ್ರ ಉಳಿದಿರುತ್ತದೆ.

ಎಲ್ಲಾದರೂ ಒಣ ಉಜ್ಜಾಟವಿದ್ದರೆ ಕಥೆ ಬೇರೆ. ಆಗ ಹರವು 5, 4, 3, 2, 1 ಎಂದು ಸಮನಾದ ಮೆಟ್ಟಿಲುಗಳಲ್ಲಿ ಇಳಿದು ಥಟ್ಟನೆ ನಿಲ್ಲುತ್ತದೆ. ಅಂದಮೇಲೆ ಅಂಕಿಗಳನ್ನು ನೋಡಿಯೇ ತಡೆ ಎಂಥದೆಂದು ಊಹಿಸಬಹುದು. ಕಲ್ಲಿಗೊಂದು ರಟ್ಟಿನ ಬಿಲ್ಲೆ ಕಟ್ಟಿದರೆ ಆಟ ಬೇಗ ಅಡಗುತ್ತದೆ. ನೀರಿನಲ್ಲಿ ಮುಳುಗಿಸಿದರೆ ಇನ್ನೂ ಬೇಗ. ಹರಳೆಣ್ಣೆಯಂಥ ಮಂದವಾದ ದ್ರವದಲ್ಲಿ ತಡೆ ಸಾಕಷ್ಟಾದಾಗ ಕಲ್ಲು ಒಮ್ಮೆಯೂ ಆಚೆಗೆ ಹಾಯದೆ ಮೆಲ್ಲಗೆ ತನ್ನ ಸ್ಥಾನಕ್ಕೆ ಬಂದು ಕೂರುತ್ತದೆ. ಹುಷಾರಾದ ವಿದ್ಯಾರ್ಥಿ ಮತ್ತೊಂದನ್ನೂ ಕಾಣಬಹುದು. ಇಂಥ ತಡೆಯಲ್ಲಿ ಶಕ್ತಿಯ ಸೋರಿಕೆ ಒಂದೇ ಸಮನಾಗಿ ನಡೆಯುವುದಿಲ್ಲ. ಕಲ್ಲು ನಡುವೆ ವೇಗವಾಗಿ ಹಾಯುವಾಗ ಸೋರಿಕೆ ಹೆಚ್ಚು. ತುದಿಯಲ್ಲಿ ನಿಂತ ಕ್ಷಣದಲ್ಲಿ ಸೋರಿಕೆಯೇ ಇಲ್ಲ. ಇಷ್ಟೆಲ್ಲ ವಿಷಯ ಒಂದು ಸ್ಪ್ರಿಂಗು, ಒಂದು ಅಳತೆಪಟ್ಟಿ, ಒಂದು ಗಡಿಯಾರದಿಂದ ದೊರೆಯುತ್ತದೆ. ದಾಖಲೆ ಪುಸ್ತಕದಲ್ಲಿ ಒಂದೇ ಒಂದು ಅಂಕಣ ಹೆಚ್ಚಿಗೆ ಬೇಕು.

ಲೋಕವ್ಯವಹಾರದಲ್ಲಿ ಯಾರೂ ಈ ಅಡಗುವಿಕೆಯನ್ನು ಕಡೆಗಣಿಸುವುದಿಲ್ಲ. ಎಲ್ಲಿ ಎಷ್ಟು ಬೇಕೆಂದು ಲೆಕ್ಕ ಹಾಕುತ್ತಾರೆ. ಗಡಿಯಾರದವರಿಗೆ ಅದು ಆದಷ್ಟು ಕಡಿಮೆ ಬೇಕು. ಹೈಗೆನ್ಸ್ 1675ರಲ್ಲಿ ಗಡಿಯಾರದ ತೂಗುಚಕ್ರಕ್ಕೆ ಸುರುಳಿ ಸ್ಪ್ರಿಂಗನ್ನು ಅಳವಡಿಸಿದ ಕಾಲದಿಂದಲೂ, ಪ್ರತಿ 'ಟಿಕ್' ಎನ್ನುವಲ್ಲಿ ಸೋರಿದ ಶಕ್ತಿಯನ್ನು ತುಂಬಿಕೊಡಲು ಇನ್ನೊಂದು ಆಧಾರ ಬೇಕೇ ಬೇಕಾಗಿದೆ. ಹಳೆಯ ಗಡಿಯಾರಕ್ಕೆ ಕೀಲಿ ಕೊಡುವುದೆಂದರೆ ಈ ಸಾಲವನ್ನು ತೀರಿಸುವುದೇ. ಗಾಡಿಯವರಿಗೆ ಅದು ಸಾಕಷ್ಟು ಬೇಕು. ಜಟಕಾ ಗಾಡಿಗೂ ಲಾರಿಗೂ ಇರುವ ಕಮಾನಿನಲ್ಲಿ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಕುಳಿತಿರುತ್ತವೆ. ಕಮಾನು ಬಾಗಿದಾಗ ಪಟ್ಟಿಗಳು ಒಂದನ್ನೊಂದು ಉಜ್ಜಿ ಕುಲುಕಾಟವನ್ನು ಅಡಗಿಸುತ್ತವೆ. ಕಾರು ಬಸ್ಸುಗಳ 'ಶಾಕ್ ಅಬ್ಸಾರ್ಬರ್' ಎಂಬ ಸಾಧನದ ಹೆಸರು ಸ್ವಲ್ಪ ತಪ್ಪು ದಾರಿಗೆಳೆಯುವಂಥದು. ಗುಂಡಿಯ ಪೆಟ್ಟನ್ನು ತಾಳಿಕೊಳ್ಳುವುದು ಸ್ಪ್ರಿಂಗು. ಆ ಮೇಲೆ ಸ್ಪ್ರಿಂಗಿನ ಕುಣಿತವನ್ನು ನಿಲ್ಲಿಸುವುದು ಈ ಸಾಧನ. ಒಳಗಿನ ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳುತ್ತ ಕುಣಿತವನ್ನು ಕಾವಾಗಿ ಮಾರ್ಪಡಿಸುತ್ತದೆ. ಹದಗೆಟ್ಟ ರಸ್ತೆಯಲ್ಲಿ ಬಹುದೂರ ಬಂದ ಗಾಡಿಯಲ್ಲಿ ಅದು ಬಿಸಿಯಾಗಿರುತ್ತದೆ. ಪ್ರಯೋಗಶಾಲೆಯ ಸ್ಪ್ರಿಂಗಿನಲ್ಲಿ ಬೆರಳಿಗೆ ಸಿಕ್ಕದ ಕಾವು ಇಲ್ಲಿ ಸಿಕ್ಕುತ್ತದೆ.

ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಲಂಡನ್ನಿನಲ್ಲಿ ಥೇಮ್ಸ್ ನದಿಯ ಮೇಲೆ ಕಟ್ಟಿದ ಮಿಲೇನಿಯಂ ಸೇತುವೆ ಸಾಕ್ಷಿ. ಸೇತುವೆಯೂ ಒಂದು ಬಗೆಯ ದೊಡ್ಡ ಸ್ಪ್ರಿಂಗೇ. ತಳ್ಳಿದರೆ ಬಾಗುತ್ತದೆ, ಬಿಟ್ಟರೆ ಮರಳುತ್ತದೆ. 2000ದ ಜೂನ್ 10ರಂದು ಅದು ಪಾದಚಾರಿಗಳಿಗೆ ತೆರೆಯಿತು. ಜನ ಕಿಕ್ಕಿರಿದು ನಡೆಯುತ್ತಿದ್ದಂತೆ ಅದು ಪಕ್ಕಕ್ಕೆ ಓಲಾಡತೊಡಗಿತು. ಓಲಾಟಕ್ಕೆ ತಕ್ಕಂತೆ ಜನರೂ ಹೆಜ್ಜೆ ಊರಿದರು. ಹೆಜ್ಜೆ ಹೆಜ್ಜೆಗೂ ಓಲಾಟಕ್ಕೆ ಶಕ್ತಿ ಸೇರುತ್ತ ಹೋಯಿತು. ಸೋರುವುದಕ್ಕಿಂತ ಸೇರುವುದು ಹೆಚ್ಚಾಯಿತು. ಎರಡೇ ದಿನಗಳಲ್ಲಿ ಸೇತುವೆಯನ್ನು ಮುಚ್ಚಬೇಕಾಯಿತು. ಅದರ ಗಟ್ಟಿತನದಲ್ಲಿ ದೋಷವಿರಲಿಲ್ಲ. ಕಡಿಮೆಯಾಗಿದ್ದದ್ದು ಅಡಗಿಸುವ ಗುಣ. ಎಂಜಿನಿಯರರು ದ್ರವ ತುಂಬಿದ 37 ಸಾಧನಗಳನ್ನೂ ಸ್ಪ್ರಿಂಗುಗಳ ಮೇಲೆ ಕುಳಿತ ಐವತ್ತಕ್ಕೂ ಹೆಚ್ಚು ತೂಕಗಳನ್ನೂ ಅಳವಡಿಸಿದ ಮೇಲೆ 2002ರ ಫೆಬ್ರವರಿಯಲ್ಲಿ ಸೇತುವೆ ಮತ್ತೆ ತೆರೆಯಿತು. ನಮ್ಮ ತರಗತಿಗಳಿಂದ ನಾಳೆ ಸೇತುವೆ ಕಟ್ಟುವವರೂ ಹೊರಬೀಳುತ್ತಾರೆಂಬುದನ್ನು ಮರೆಯಬಾರದು.

ಇನ್ನು ಶಬ್ದದ ವಿಚಾರ. ಇಂಗ್ಲಿಷಿನಲ್ಲಿ ಇದನ್ನು 'ಡ್ಯಾಂಪಿಂಗ್' ಎನ್ನುತ್ತಾರೆ. ಅದರ ಮೂಲಪದಕ್ಕೆ ತೇವ ಎಂಬುದೊಂದು ಅರ್ಥ, ಉಸಿರು ಕಟ್ಟಿಸಿ ನಂದಿಸು ಎಂಬುದು ಇನ್ನೊಂದು ಅರ್ಥ. ಸಂಸ್ಕೃತದ ನೆರವಿನಿಂದ 'ಅವಮಂದನ' ಎಂಬ ಪಾರಿಭಾಷಿಕ ಪದವನ್ನು ಮಾಡಿಕೊಳ್ಳಲಾಗಿದೆ. ಶಾಸ್ತ್ರಕ್ಕೆ ಅಂಥ ಪದ ಬೇಕು, ಅದು ಇರಲಿ. ಆದರೆ ಮಗುವಿಗೆ ಮೊದಲು ಹೇಳಬೇಕಾದ ಮಾತು ಅದಲ್ಲವೆಂದು ನನ್ನ ವಾದ. ಕನ್ನಡದಲ್ಲಿ 'ಅಡಗು' ಎಂಬ ಧಾತುವಿದೆ. ಬಿರುಗಾಳಿ ಅಡಗಿತು, ಗದ್ದಲ ಅಡಗಿತು, ಹಸಿವು ಅಡಗಿತು ಎನ್ನುತ್ತೇವೆ. ಅಲ್ಲಿ ತಗ್ಗಿ ಶಾಂತವಾಯಿತೆಂದು ಅರ್ಥ. ಹುಡುಗ ಬಾಗಿಲ ಹಿಂದೆ ಅಡಗಿದ ಎಂದೂ ಹೇಳುತ್ತೇವೆ. ಅಲ್ಲಿ ಕಣ್ಣಿಗೆ ಕಾಣದಂತೆ ಇದ್ದಾನೆಂದು ಅರ್ಥ. ಆಂದೋಲನಕ್ಕೆ ಆಗುವುದೂ ಈ ಎರಡೇ. ಆಟ ತಗ್ಗುತ್ತದೆ, ಶಕ್ತಿ ಕಣ್ಮರೆಯಾಗಿ ಉಳಿಯುತ್ತದೆ. ಜೂಲ್ ವರ್ಷಗಟ್ಟಲೆ ದುಡಿದು ಸ್ಥಾಪಿಸಿದ ತತ್ತ್ವವನ್ನು ಹೇಳಲು ಇಷ್ಟು ಒಪ್ಪುವ ಮಾತು ನಮ್ಮ ಮನೆಯಲ್ಲೇ ಇರುವಾಗ ಅದನ್ನು ತರಗತಿಯಿಂದ ದೂರವಿಡುವುದು ಜಾಣತನವಲ್ಲ.

ಎಲ್ಲಿ ಅಡಗುತ್ತದೆಂದು ಕೇಳಿದರೆ, ಉಕ್ಕಿನ ಮತ್ತು ಗಾಳಿಯ ಕಣಗಳಲ್ಲಿ. ಉಕ್ಕಿನ ಪರಮಾಣುಗಳು ಒಂದಕ್ಕೊಂದು ಸಣ್ಣ ಸ್ಪ್ರಿಂಗುಗಳಿಂದ ಬಿಗಿದಂತೆ ತಮ್ಮ ತಮ್ಮ ನೆಲೆಗಳಲ್ಲಿ ನಡುಗುತ್ತಿರುತ್ತವೆ. ಒಂದು ದೊಡ್ಡ ಸ್ಪ್ರಿಂಗಿನ ಕ್ರಮಬದ್ಧವಾದ ಆಟ ಎಣಿಕೆಗೆ ಸಿಕ್ಕದ ಸಣ್ಣ ಸ್ಪ್ರಿಂಗುಗಳ ಕ್ರಮವಿಲ್ಲದ ನಡುಕವಾಗಿ ಹಂಚಿಹೋಗುತ್ತದೆ. ಹಂಚಿಹೋದದ್ದು ತಾನಾಗಿ ಒಟ್ಟುಗೂಡಿ ಕಲ್ಲನ್ನು ಮತ್ತೆ ಎತ್ತುವುದಿಲ್ಲ. ಶಕ್ತಿಯ ಈ ಚೆದುರಿಕೆಯನ್ನು ವಿಲಿಯಂ ಥಾಮ್ಸನ್, ಎಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದವನು, 1852ರಲ್ಲಿ ಒಂದು ವ್ಯಾಪಕ ನಿಯಮವಾಗಿ ಮಂಡಿಸಿದನು. ಶಕ್ತಿ ಅಳಿಯುವುದಿಲ್ಲ, ಆದರೆ ಹಿಂದಿನಂತೆ ನಮ್ಮ ಕೈಗೂ ಸಿಕ್ಕುವುದಿಲ್ಲ ಎಂಬ ಈ ಜೋಡಿ ಸತ್ಯದಲ್ಲಿ ಮೊದಲರ್ಧವನ್ನು ಮಾತ್ರ ಆದರ್ಶ ಸ್ಪ್ರಿಂಗು ಕಲಿಸುತ್ತದೆ. ಎರಡನೆಯರ್ಧಕ್ಕೆ ನಿಲ್ಲುವ ಸ್ಪ್ರಿಂಗೇ ಗುರು.

ವಿಜ್ಞಾನವನ್ನೂ ಭಾಷೆಯನ್ನೂ ಹೀಗೆ ಜೊತೆಜೊತೆಯಾಗಿ ನೋಡುವುದು ನಮಗೆ ಹೊಸತಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರತಂದವರಲ್ಲಿ ಒಬ್ಬರು. ಪಂಪಭಾರತವನ್ನು ಸಂಪಾದಿಸಿದವರೂ ಅವರೇ. ಆ ಪರಂಪರೆ ನಮ್ಮ ಹಿಂದಿರುವಾಗ, ಸ್ಪ್ರಿಂಗಿನ ಪಾಠ ಹೇಳುವವರು ಸಮೀಕರಣದಷ್ಟೇ ಎಚ್ಚರದಿಂದ ಮಾತನ್ನೂ ಆರಿಸಿಕೊಂಡರೆ ತಪ್ಪೇನು?

ನನ್ನ ಸೂಚನೆ ದೊಡ್ಡದೇನಲ್ಲ. ಆದರ್ಶ ಸ್ಪ್ರಿಂಗಿನ ಸಮೀಕರಣ ಪಠ್ಯದಲ್ಲಿ ಇದ್ದಲ್ಲೇ ಇರಲಿ. ಆದರೆ ಅದಕ್ಕೆ ಮುಂಚೆ ಒಂದು ತರಗತಿಯನ್ನು ನಿಜವಾದ ಸ್ಪ್ರಿಂಗಿಗೆ ಕೊಡೋಣ. ಅದು ಆಡಲಿ, ಅದರ ಹರವನ್ನು ವಿದ್ಯಾರ್ಥಿಗಳೇ ಅಳೆದು ಬರೆದುಕೊಳ್ಳಲಿ, ಅದು ತನ್ನಷ್ಟಕ್ಕೆ ನಿಲ್ಲುವವರೆಗೂ ಯಾರೂ ಕೈಯಿಟ್ಟು ನಿಲ್ಲಿಸದಿರಲಿ. ನಿಂತ ಮೇಲೆ, 'ಆಗ ಇದ್ದ 0.025 ಜೂಲ್ ಈಗ ಎಲ್ಲಿದೆ?' ಎಂದು ಅಧ್ಯಾಪಕರು ಕೇಳಲಿ. ಉತ್ತರ ಅಂದೇ ಬರಬೇಕಾಗಿಲ್ಲ. ಆ ಪ್ರಶ್ನೆಯನ್ನು ಹೊತ್ತು ಮನೆಗೆ ಹೋಗುವ ವಿದ್ಯಾರ್ಥಿ ಮರುದಿನ ಸಮೀಕರಣವನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ.